ಮಲಗುವ ಹೊತ್ತು

ಜೂನ್ ತಿಂಗಳಲ್ಲಿ ಶಾಲೆಗಳ ಜೊತೆಗೇ ನಮ್ಮ ಧರ್ಮಕೇಂದ್ರದ ಧರ್ಮಶಿಕ್ಷಣ ತರಗತಿಗಳೂ ಶುರುವಾದವು. ಈ ಸಲ ಮೂರರಿಂದ ಏಳನೇ ತರಗತಿಯವರೆಗಿನ ಮಕ್ಕಳನ್ನು ಫಾದರ್ ಯುವಜನರಾದ ನಮಗೆ ಒಪ್ಪಿಸಿದರು. ನಾವು ಐದು ಮಂದಿ. ಇಬ್ಬರು ಕಾಲೇಜಿಗೆ ಹೋಗುವವರು, ಇಬ್ಬರು ಕೆಲಸಕ್ಕೆ ಹೋಗುವವರು, ಒಬ್ಬಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವವಳು. ಭಾನುವಾರ ಬೆಳಗ್ಗಿನ ಬಲಿಪೂಜೆ ಮುಗಿದ ಮೇಲೆ ಒಂದು ಗಂಟೆ ಪಾಠ.

ಎರಡು ಮೂರು ವಾರಗಳಲ್ಲಿ ಒಂದು ವಿಷಯ ನಮಗೆ ಎದ್ದು ಕಂಡಿತು. ಕೆಲವು ಮಕ್ಕಳು ಬೆಂಚಿಗೆ ತಲೆ ಕೊಟ್ಟು ತೂಕಡಿಸುತ್ತಾರೆ. ಇನ್ನು ಕೆಲವರು ಅದಕ್ಕೆ ತದ್ವಿರುದ್ಧ: ಕೂತಲ್ಲಿ ಕೂರುವುದಿಲ್ಲ, ಪಕ್ಕದವನನ್ನು ಚಿವುಟುವುದು, ಸಣ್ಣ ಮಾತಿಗೆ ಅಳುವುದು, ಕೇಳಿದ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡರೂ "ಏನು ಟೀಚರ್?" ಅನ್ನುವುದು. ಒಂದು ಭಾನುವಾರ ಪ್ರವಾದಿ ಎಲೀಯನ ಕಥೆ ಹೇಳುತ್ತಿದ್ದೆವು. ಓಡಿ ಓಡಿ ಸಾಕಾಗಿ, ಸತ್ತರೆ ಸಾಕು ಅನ್ನಿಸಿ ಅವನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಪುನಃ ಮಲಗುತ್ತಾನೆ. ಇಲ್ಲಿಗೆ ಬಂದಾಗ ಐದನೆಯ ತರಗತಿಯ ಒಂದು ಹುಡುಗಿ ಕೈ ಎತ್ತಿದಳು. "ಬೈಯಲಿಲ್ಲವಾ? ಪುನಃ ಮಲಗಲಿಕ್ಕೆ ಬಿಟ್ಟನಾ?" ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ.

ಆ ದಿನ ಪಾಠ ಅಲ್ಲಿಗೇ ನಿಲ್ಲಿಸಿ ನಾವು ಮಕ್ಕಳನ್ನು ಕೇಳಿದೆವು, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ ಎಂದು. ಹತ್ತೂವರೆ, ಹನ್ನೊಂದು, ಹನ್ನೆರಡು. "ಗೊತ್ತಿಲ್ಲ, ಮೊಬೈಲ್ ನೋಡ್ತಾ ನಿದ್ದೆ ಬಂತು." ಒಂಬತ್ತಕ್ಕೆ ಮಲಗಿದವರು ಎರಡು ಮೂರು ಮಂದಿ ಮಾತ್ರ. ಅವರೂ ಅಜ್ಜಿಯ ಜೊತೆ ಮಲಗುವ ಮಕ್ಕಳು.

ಮಕ್ಕಳಿಗೆ ಎಷ್ಟು ನಿದ್ದೆ ಬೇಕು ಎಂಬುದಕ್ಕೆ ವೈದ್ಯರು ಒಪ್ಪಿದ ಲೆಕ್ಕ ಇದೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯಂತೆ 3ರಿಂದ 5 ವರ್ಷದವರಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ. ಇದನ್ನು ನಮ್ಮ ಊರಿನ ಗಡಿಯಾರಕ್ಕೆ ಹಚ್ಚಿ ನೋಡೋಣ. ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಏಳೂಕಾಲಕ್ಕೆ ರಸ್ತೆಯ ತುದಿಗೆ ಬರುತ್ತದೆ. ಮಗು ಆರಕ್ಕೆ ಏಳಲೇಬೇಕು. ಕಡಿಮೆ ಅಂದರೂ ಒಂಬತ್ತು ಗಂಟೆ ನಿದ್ದೆ ಆಗಬೇಕಾದರೆ ರಾತ್ರಿ ಒಂಬತ್ತಕ್ಕೆ ನಿದ್ದೆ ಹತ್ತಿರಬೇಕು. ಹತ್ತೂವರೆಗೆ ಮಲಗುವ ಮಗುವಿಗೆ ದಿನಕ್ಕೆ ಒಂದೂವರೆ ಗಂಟೆ ಕಡಿಮೆ. ಸೋಮವಾರದಿಂದ ಶುಕ್ರವಾರಕ್ಕೆ ಏಳೂವರೆ ಗಂಟೆ. ಅಂದರೆ ವಾರದಲ್ಲಿ ಒಂದು ಇಡೀ ರಾತ್ರಿ ಆ ಮಗು ಮಲಗಲೇ ಇಲ್ಲ ಎಂದ ಹಾಗೆ. (ಹತ್ತು ಗಂಟೆಯ ಹೊತ್ತಿಗೆ ಬೆಲ್ ಆಗುವ ಪಕ್ಕದ ಕನ್ನಡ ಮಾಧ್ಯಮ ಶಾಲೆಗೆ ನಡೆದುಕೊಂಡು ಹೋಗುವ ಮಗು ಏಳರವರೆಗೆ ಮಲಗಬಹುದು. ಗಡಿನಾಡಿನಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸಿ ಎಂದು ಭಾಷಣ ಮಾಡುವವರು ಈ ಲಾಭವನ್ನು ಯಾಕೆ ಹೇಳುವುದಿಲ್ಲವೋ!)

ದೊಡ್ಡವರಿಗೆ ನಿದ್ದೆ ಕಡಿಮೆಯಾದರೆ ಆಕಳಿಸುತ್ತಾರೆ, ಮಂಕಾಗುತ್ತಾರೆ. ಮಕ್ಕಳು ಎಷ್ಟೋ ಸಲ ಹಾಗಲ್ಲ. ನಿದ್ದೆಗೆಟ್ಟ ಮಗು ಇನ್ನಷ್ಟು ಕುಣಿಯುತ್ತದೆ, ಹಟ ಹಿಡಿಯುತ್ತದೆ, ಒಂದು ಕೆಲಸದಲ್ಲಿ ಮನಸ್ಸು ನಿಲ್ಲಿಸುವುದಿಲ್ಲ. ಹಾಗಾಗಿ ಅದನ್ನು ನೋಡಿದ ಯಾರಿಗೂ ನಿದ್ದೆ ಎಂಬ ಶಬ್ದ ನೆನಪಿಗೆ ಬರುವುದಿಲ್ಲ. ಪೋಕರಿ, ಸೋಮಾರಿ, ಮಂಡೆ ಇಲ್ಲದವ ಎಂಬ ಶಬ್ದಗಳು ಬರುತ್ತವೆ. ಆ ಶಬ್ದಗಳು ಮಗುವಿಗೆ ಅಂಟಿಕೊಳ್ಳುತ್ತವೆ. ಈ ಲೇಖನ ಬರೆಯಲಿಕ್ಕೆ ನಮಗೆ ಕಾರಣ ಅದೇ.

ಮಲಗಿದಾಗ ಮಗುವಿನ ದೇಹ ಸುಮ್ಮನಿರುವುದಿಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹರಿಯುವುದು ಆಗ. ಬೆಳಗಿನ ಜಾವಕ್ಕೆ ಬಂದ ಹಾಗೆ ಕನಸಿನ ನಿದ್ದೆ ಜಾಸ್ತಿಯಾಗುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು, ಮನಸ್ಸಿನ ಸಿಟ್ಟು, ಬೇಸರ ಹದಕ್ಕೆ ಬರುವುದು ಇವೆಲ್ಲ ನಿದ್ದೆಯ ಕೆಲಸವೇ. ತಡವಾಗಿ ಮಲಗಿದ ಮಗುವನ್ನು ಆರಕ್ಕೆ ಅಲುಗಾಡಿಸಿ ಎಬ್ಬಿಸಿದಾಗ ಹೆಚ್ಚಾಗಿ ಕತ್ತರಿಸಿ ಹೋಗುವುದು ಆ ಕೊನೆಯ ಭಾಗ.

ಇಷ್ಟು ತಿಳಿದುಕೊಂಡು ನಾವು ಜುಲೈ, ಆಗಸ್ಟ್ ತಿಂಗಳಲ್ಲಿ ವಾಳೆಯ ಪ್ರಾರ್ಥನಾಕೂಟಗಳಿಗೆ ಹೋದಾಗ ಮನೆಯವರ ಹತ್ತಿರ ಮಾತಾಡಿದೆವು. ಒಂಬತ್ತಕ್ಕೆ ಮಲಗಿಸಿ ಎಂದು ಹೇಳುವುದು ಸುಲಭ. ಯಾಕೆ ಆಗುವುದಿಲ್ಲ ಎಂಬುದು ಮನೆಯೊಳಗೆ ಕೂತಾಗ ಗೊತ್ತಾಗುತ್ತದೆ. ಕೆಳಗೆ ಬರುವ ಮನೆಗಳು ಯಾವುವು ಎಂದು ತಿಳಿಯದ ಹಾಗೆ ಬರೆದಿದ್ದೇವೆ, ಆ ಮನೆಯವರಿಗೆ ಓದಿಯೂ ಹೇಳಿದ್ದೇವೆ.

ಎಲೀಯನ ಬಗ್ಗೆ ಕೇಳಿದ ಹುಡುಗಿಯ ಅಪ್ಪ ಕುವೈತ್‌ನಲ್ಲಿ ಒಂದು ರೆಸ್ಟೋರೆಂಟ್‌ನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ಕಾಸರಗೋಡಿನಲ್ಲಿ ಇದು ಮನೆಮನೆಯ ಕಥೆ, ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಡ್ಯೂಟಿ ಮುಗಿಸಿ, ರೂಮಿಗೆ ಬಂದು, ಒಂಬತ್ತಕ್ಕೆ ಅವರು ಫೋನ್ ಹಿಡಿಯುವಾಗ ಇಲ್ಲಿ ಹನ್ನೊಂದೂವರೆ. ಮಗಳು ಕಾಯುತ್ತಾಳೆ. ಸೋಫಾದಲ್ಲಿ ನಿದ್ದೆ ಹೋದರೂ ರಿಂಗ್ ಆದ ತಕ್ಷಣ ಏಳುತ್ತಾಳೆ. ಮಾತು ಮುಗಿಸಿ ಮಲಗುವಾಗ ಹನ್ನೆರಡು. ಮಾತಾಡಿದ ಖುಷಿಯಲ್ಲಿ ನಿದ್ದೆ ಹತ್ತಲು ಇನ್ನೂ ಅರ್ಧ ಗಂಟೆ.

"ಪಪ್ಪನ ಮುಖ ನೋಡದೆ ಮಲಗು ಅಂತ ಹೇಗೆ ಹೇಳಲಿ ಮಗಾ? ಎರಡು ವರ್ಷಕ್ಕೊಮ್ಮೆ ಬರುವವರು" ಎಂದರು ಅವಳ ಅಮ್ಮ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿದ್ದೆಯ ಬಗ್ಗೆ ಪುಸ್ತಕದಲ್ಲಿ ಬರೆಯುವವರು ಮಲಗುವ ಮುಂಚೆ ಮೊಬೈಲ್ ಬೇಡ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆ ಮೊಬೈಲ್‌ನೊಳಗೆ ಅಪ್ಪ ಇದ್ದರೆ ಏನು ಮಾಡುವುದು ಎಂದು ಬರೆದದ್ದು ನಾವು ಎಲ್ಲಿಯೂ ಓದಿಲ್ಲ.

ದಾರಿ ಹುಡುಕಿದ್ದು ಅಪ್ಪನೇ. ಹೋಟೆಲ್ ಕೆಲಸದಲ್ಲಿ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಎರಡು ಮೂರು ಗಂಟೆ ಬಿಡುವು ಇರುತ್ತದೆ. ಅಲ್ಲಿನ ನಾಲ್ಕು ಗಂಟೆ ಅಂದರೆ ಇಲ್ಲಿ ಸಂಜೆ ಆರೂವರೆ. ಈಗ ಅವರು ಆ ಹೊತ್ತಿಗೆ ಫೋನ್ ಮಾಡುತ್ತಾರೆ. ಮಗಳು ಹೋಮ್‌ವರ್ಕ್ ತೋರಿಸುತ್ತಾಳೆ, ಶಾಲೆಯ ಸುದ್ದಿ ಹೇಳುತ್ತಾಳೆ. ಶುಕ್ರವಾರ ರಜೆ ಸಿಕ್ಕಿದರೆ ಸ್ವಲ್ಪ ಹೆಚ್ಚು ಹೊತ್ತು. ರಾತ್ರಿಯ ಫೋನ್ ಗಂಡ ಹೆಂಡತಿಗೆ. ಆದರೆ ಆ ಮಧ್ಯಾಹ್ನದ ಬಿಡುವು ಅವರು ಮಲಗುತ್ತಿದ್ದ ಹೊತ್ತು. ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು, ಪುನಃ ರಾತ್ರಿಗೆ ನಿಲ್ಲಬೇಕಾದವರಿಗೆ ಬೆನ್ನು ಚಾಚಲು ಸಿಗುವುದು ಅಷ್ಟೇ. ಅದರಿಂದ ಅರ್ಧ ಗಂಟೆ ತೆಗೆದು ಮಗಳ ರಾತ್ರಿಗೆ ಕೊಟ್ಟಿದ್ದಾರೆ. ಮೊದಲ ವಾರ ಹುಡುಗಿ ಹತ್ತೂವರೆಯವರೆಗೆ ಹೊರಳಾಡಿದಳಂತೆ. ಎರಡು ವಾರ ಕಳೆದ ಮೇಲೆ ಒಂಬತ್ತೂಕಾಲಕ್ಕೆ ತಾನಾಗಿ ಕಣ್ಣು ಮುಚ್ಚತೊಡಗಿತು.

ಆ ಹೊರಳಾಟಕ್ಕೂ ಕಾರಣ ಇದೆ. ಕತ್ತಲಾದಾಗ ಮೆದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡಲು ಶುರುಮಾಡುತ್ತದೆ, ಮಲಗುವ ಹೊತ್ತಾಯಿತು ಎಂದು ದೇಹಕ್ಕೆ ತಿಳಿಸುವುದು ಅದು. ಕಣ್ಣಿಗೆ ಬೆಳಕು ಬಿದ್ದರೆ ಅದು ತಗ್ಗುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ, ಹಾಗಾಗಿ ಅದೇ ಬೆಳಕು ದೊಡ್ಡವರಿಗಿಂತ ಅವರಿಗೆ ಹೆಚ್ಚು ತಟ್ಟುತ್ತದೆ. ದಿನವೂ ಹನ್ನೆರಡಕ್ಕೆ ಮಲಗಿ ರೂಢಿಯಾದ ದೇಹ ಒಂದೇ ದಿನದಲ್ಲಿ ಒಂಬತ್ತಕ್ಕೆ ಇಳಿಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷದಂತೆ ಹಿಂದಕ್ಕೆ ತಂದರೆ ಬರುತ್ತದೆ. ಭಾನುವಾರ ಪೂಜೆ ಇರುವ ಕಾರಣ ನಮ್ಮ ಮಕ್ಕಳಿಗೆ ಹತ್ತು ಗಂಟೆಯವರೆಗೆ ಮಲಗುವ ಅವಕಾಶ ಇಲ್ಲ, ಅದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಏಳುವ ಹೊತ್ತು ವಾರವಿಡೀ ಹೆಚ್ಚುಕಡಿಮೆ ಒಂದೇ ಇದ್ದರೆ ಮಲಗುವ ಹೊತ್ತೂ ಸರಿಯಾಗಿ ನಿಲ್ಲುತ್ತದೆ.

ಉಳಿದ ಮೊಬೈಲ್ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 2020ರ ಜೂನ್‌ನಲ್ಲಿ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ತರಗತಿಗಳು ಶುರುವಾದಾಗ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಫೋನ್ ತೆಗೆದುಕೊಟ್ಟರು. ಕೊರೋನ ಹೋಯಿತು, ಫೋನ್ ಉಳಿಯಿತು. ಮಲಗುವ ಕೋಣೆಯಿಂದ ಅದನ್ನು ಹೊರಗೆ ತರುವುದಕ್ಕೆ ನಮಗೆ ತೋಚಿದ ಉಪಾಯ ಒಂದೇ: ಮನೆಯ ಎಲ್ಲ ಫೋನ್‌ಗಳ ಚಾರ್ಜರ್ ಚಾವಡಿಯಲ್ಲಿ, ದೊಡ್ಡವರದ್ದೂ ಸೇರಿ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಮಾತ್ರ ಇಡು ಎಂದರೆ ಅದು ನಡೆಯುವುದಿಲ್ಲ. ಏಳುವುದಕ್ಕೆ ಅಲಾರಾಂ ಬೇಕಲ್ಲ ಎಂದು ಕೇಳಿದವರಿಗೆ ಪೇಟೆಯಲ್ಲಿ ಅಲಾರಾಂ ಗಡಿಯಾರ ಈಗಲೂ ಸಿಗುತ್ತದೆ ಎಂದು ತಿಳಿಸುತ್ತೇವೆ.

ಇಷ್ಟು ಹೊತ್ತು ಗಂಟೆಗಳ ಲೆಕ್ಕ ಹೇಳಿದೆವು. ಆದರೆ ಗಂಟೆ ಸರಿಯಿದ್ದೂ ನಿದ್ದೆ ಸರಿಯಿಲ್ಲದಿರಬಹುದು.

ನಮ್ಮಲ್ಲಿ ಒಬ್ಬ ಮೂರನೆಯ ತರಗತಿಯ ಹುಡುಗ. ಶಾಂತ ಸ್ವಭಾವ, ಬಾಯಿ ಸದಾ ತೆರೆದೇ ಇರುತ್ತದೆ. ಏನು ಕೇಳಿದರೂ ಉತ್ತರ ಬರಲು ಹೊತ್ತಾಗುವುದರಿಂದ ಮಕ್ಕಳು ಅವನಿಗೆ ಟ್ಯೂಬ್‌ಲೈಟ್ ಎಂದು ಹೆಸರಿಟ್ಟಿದ್ದರು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಅವನ ಮನೆಯಲ್ಲಿ ಮೊಬೈಲ್ ತೊಂದರೆ ಇಲ್ಲ. ಎಂಟೂವರೆಗೆ ಮಲಗಿದರೆ ಆರೂವರೆಗೆ ಏಳುತ್ತಾನೆ. ಹತ್ತು ಗಂಟೆ. ಆದರೂ ಬೆಳಗ್ಗೆ ತಲೆನೋವು, ಶಾಲೆಯಲ್ಲಿ ತೂಕಡಿಕೆ. ಎಂಟು ವರ್ಷವಾದರೂ ಕೆಲವು ರಾತ್ರಿ ಹಾಸಿಗೆ ಒದ್ದೆ. ಅದನ್ನು ಯಾರಿಗೂ ಗೊತ್ತಾಗದ ಹಾಗೆ ಅಮ್ಮ ಮುಚ್ಚಿಡುತ್ತಿದ್ದರು.

ಓಣಂ ರಜೆಯಲ್ಲಿ ಎರಡು ದಿನದ ಮಕ್ಕಳ ಶಿಬಿರ ಮಾಡಿದೆವು. ರಾತ್ರಿ ಎಲ್ಲರೂ ಚರ್ಚ್ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದ್ದರು. ನಡುರಾತ್ರಿ ಗೊರಕೆಯ ಸದ್ದಿಗೆ ನಮ್ಮ ನರ್ಸಿಂಗ್ ಹುಡುಗಿಗೆ ಎಚ್ಚರವಾಯಿತು. ನೋಡಿದರೆ ಈ ಹುಡುಗ. ಕುತ್ತಿಗೆಯನ್ನು ಹಿಂದಕ್ಕೆ ಚಾಚಿದ್ದಾನೆ, ಫ್ಯಾನ್ ತಿರುಗುತ್ತಿದ್ದರೂ ಬೆವರಿದ್ದಾನೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಥಟ್ಟನೆ ನಿಲ್ಲುತ್ತದೆ. ಎದೆ ಏಳುತ್ತದೆ, ಆದರೆ ಉಸಿರು ಒಳಗೆ ಹೋದ ಸದ್ದಿಲ್ಲ. ಆಮೇಲೆ ಒಮ್ಮೆಲೇ ಏದುಸಿರು ಎಳೆದು, ಮಗ್ಗುಲು ಬದಲಿಸಿ, ಪುನಃ ಗೊರಕೆ. ಅವಳು ನಮ್ಮನ್ನು ಎಬ್ಬಿಸಿ ತೋರಿಸಿದಳು. ಅವನ ಪಕ್ಕದಲ್ಲಿ ಕೂತು ನಾವು ಗಡಿಯಾರ ನೋಡಿದೆವು. ಆ ಮೌನ ಎಷ್ಟು ಉದ್ದ ಅನ್ನಿಸುತ್ತದೆ ಎಂದು ಪಕ್ಕದಲ್ಲಿ ಕೂತವರಿಗೇ ಗೊತ್ತು.

ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಅಡಿನಾಯ್ಡ್ ಎಂಬ ಮೃದುವಾದ ಮಾಂಸದ ಗಡ್ಡೆ ಇರುತ್ತದೆ. ಚಿಕ್ಕ ಮಕ್ಕಳಲ್ಲಿ ದೊಡ್ಡದಾಗಿದ್ದು ಬೆಳೆದ ಹಾಗೆ ಕುಗ್ಗುತ್ತಾ ಬರುತ್ತದೆ. ಪದೇಪದೇ ಶೀತ, ಅಲರ್ಜಿ ಆಗುವ ಕೆಲವು ಮಕ್ಕಳಲ್ಲಿ ಅದು ಅಥವಾ ಟಾನ್ಸಿಲ್ ಊದಿಕೊಂಡು ಮಲಗಿದಾಗ ಉಸಿರಿನ ದಾರಿಯನ್ನು ಅಡ್ಡಗಟ್ಟುತ್ತದೆ. ಉಸಿರು ಸಿಗದಾಗ ಮೆದುಳು ಮಗುವನ್ನು ಅರೆ ಎಚ್ಚರಕ್ಕೆ ತರುತ್ತದೆ. ಒಂದು ರಾತ್ರಿಯಲ್ಲಿ ಹೀಗೆ ಎಷ್ಟೋ ಸಲ. ಮಗುವಿಗೆ ಅದರ ನೆನಪು ಇರುವುದಿಲ್ಲ. ಹೊರಗಿನಿಂದ ನೋಡಿದರೆ ಹತ್ತು ಗಂಟೆ ಮಲಗಿದ್ದಾನೆ, ಒಳಗೆ ನಿದ್ದೆ ಚೂರುಚೂರಾಗಿದೆ.

"ಅಜ್ಜನ ಹಾಗೆ ಗೊರಕೆ ಹೊಡೀತಾನೆ ಅಂತ ನಾವು ನಗ್ತಾ ಇದ್ದದ್ದು" ಎಂದರು ಅವನ ಅಮ್ಮ. ನಾವು ಹೇಳಿದ್ದು ಇಷ್ಟೇ: ಆಂಟಿ, ಮಲಗಿದಾಗ ಎರಡು ನಿಮಿಷ ವಿಡಿಯೋ ಮಾಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅವರು ಮಂಗಳೂರಿಗೆ ಕರೆದುಕೊಂಡು ಹೋದರು. ವಿಡಿಯೋ ನೋಡಿ, ಎಕ್ಸ್‌ರೇ ತೆಗೆದು, ಮೊದಲು ಕೆಲವು ವಾರ ಮೂಗಿಗೆ ಸ್ಪ್ರೇ ಕೊಟ್ಟರು. ಅದರಿಂದ ಸಾಲದೆ ಆಪರೇಷನ್ ಮಾಡಿದರು. ಎಲ್ಲ ಮಕ್ಕಳಿಗೂ ಆಪರೇಷನ್ ಬೇಕಾಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ, ಅದನ್ನೂ ಬರೆಯಬೇಕು. ಶೀತವಾದಾಗ ನಾಲ್ಕು ದಿನ ಗೊರಕೆ ಹೊಡೆದರೆ ಹೆದರಬೇಕಾಗಿಲ್ಲ. ವಾರದಲ್ಲಿ ಮೂರು ನಾಲ್ಕು ರಾತ್ರಿ, ತಿಂಗಳುಗಟ್ಟಲೆ ಗೊರಕೆ ಇದ್ದರೆ, ನಡುವೆ ಉಸಿರು ನಿಂತ ಹಾಗೆ ಕಂಡರೆ ತೋರಿಸಲೇಬೇಕು.

ಆ ಹುಡುಗ ಈಗ ತರಗತಿಯಲ್ಲಿ ಮೊದಲಿಗನಾದ ಎಂದೇನೂ ಇಲ್ಲ. ಗುಣಾಕಾರ ಈಗಲೂ ತಪ್ಪುತ್ತದೆ. ಆದರೆ ಬಾಯಿ ಮುಚ್ಚಿ ಮಲಗುತ್ತಾನೆ, ಹಾಸಿಗೆ ಒಣಗಿರುತ್ತದೆ, ಬೆಳಗ್ಗೆ ತಾನೇ ಏಳುತ್ತಾನೆ. ಕಳೆದ ತಿಂಗಳು ಯಾರೋ ಟ್ಯೂಬ್‌ಲೈಟ್ ಎಂದು ಕರೆದಾಗ ಸಿಟ್ಟಾಗಿ ಜಗಳಕ್ಕೆ ನಿಂತ. ಜಗಳ ಬಿಡಿಸುವಾಗ ನಮಗೆ ಒಳಗೊಳಗೆ ಸಂತೋಷವಾಯಿತು.

ಇನ್ನೂ ಸಣ್ಣ ಕಾರಣಗಳಿವೆ. ರಾತ್ರಿ ಗುದದ್ವಾರದಲ್ಲಿ ತುರಿಸಿಕೊಂಡು ಹೊರಳಾಡುವ ಮಗುವಿಗೆ ಜಂತುಹುಳು ಇರಬಹುದು. ಹೆಣ್ಣುಹುಳು ಮೊಟ್ಟೆ ಇಡಲು ಹೊರಗೆ ಬರುವುದು ರಾತ್ರಿಯೇ. ಮಾತ್ರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬೇಕಾಗುತ್ತದೆ, ಎಷ್ಟೋ ಸಲ ಮನೆಯವರಿಗೆಲ್ಲ ಬೇಕಾಗುತ್ತದೆ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಾಲು ಸೆಳೆಯುತ್ತದೆ, ಒಳಗೆ ಏನೋ ಹರಿದ ಹಾಗಾಗುತ್ತದೆ ಎಂದು ಮಲಗಿದಲ್ಲಿ ಕಾಲು ಬಡಿಯುವ ಮಕ್ಕಳಲ್ಲಿ ಕೆಲವರಿಗೆ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಸೊಳ್ಳೆ, ಕರೆಂಟ್ ಹೋದರೆ ಫ್ಯಾನೂ ಇಲ್ಲ. ಅಟ್ಟದ ಮೇಲೆ ಎಸೆದಿರುವ ಹಳೆಯ ಸೊಳ್ಳೆಪರದೆಯನ್ನು ತೊಳೆದು ಕಟ್ಟಿದರೆ ಆಯಿತು. ಸಂಜೆ ಐದರ ನಂತರ ಮಕ್ಕಳಿಗೆ ಚಹಾ ಬೇಡ.

ಹೈಸ್ಕೂಲಿನವರ ಕಥೆ ಸ್ವಲ್ಪ ಬೇರೆ. ಹದಿಮೂರು ಹದಿನಾಲ್ಕು ದಾಟಿದ ಮೇಲೆ ದೇಹದ ಗಡಿಯಾರವೇ ಒಂದೆರಡು ಗಂಟೆ ಮುಂದಕ್ಕೆ ಸರಿಯುತ್ತದೆ. ಅವರಿಗೆ ರಾತ್ರಿ ಹತ್ತೂವರೆಗೆ ಮುಂಚೆ ನಿದ್ದೆ ಬರುವುದಿಲ್ಲ ಎಂದರೆ ಅದೆಲ್ಲ ನಾಟಕವಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿಯೇ ಹೈಸ್ಕೂಲು ಬೆಳಗ್ಗೆ ಎಂಟೂವರೆಗೆ ಮುಂಚೆ ಶುರುವಾಗಬಾರದು ಎಂದಿತು. ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಕಾನೂನೇ ಮಾಡಿ 2022ರಿಂದ ಜಾರಿಗೆ ತಂದಿದೆ. ನಮ್ಮಲ್ಲಿ ಹತ್ತನೆಯವರನ್ನು ನಾಲ್ಕೂವರೆಗೆ ಎಬ್ಬಿಸಿ ಓದಿಸುವುದು ಒಳ್ಳೆಯ ಮನೆಯ ಲಕ್ಷಣ ಎಂದು ಭಾವಿಸುತ್ತೇವೆ. ಹಿರಿಯರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೂ ನಮ್ಮ ಅಭಿಪ್ರಾಯ ಹೇಳುತ್ತೇವೆ: ಒಂಬತ್ತಕ್ಕೆ ಮಲಗುವ ಮಗುವನ್ನು ಐದಕ್ಕೆ ಎಬ್ಬಿಸಿ, ತೊಂದರೆ ಇಲ್ಲ. ಹನ್ನೊಂದೂವರೆಗೆ ಮಲಗಿದವನನ್ನು ನಾಲ್ಕೂವರೆಗೆ ಎಬ್ಬಿಸಿದರೆ ಅವನು ಪುಸ್ತಕದ ಮುಂದೆ ಕೂರುತ್ತಾನೆ, ಅಷ್ಟೇ.

ಇನ್ನೊಂದು ವಿಷಯ ಬರೆಯಲು ಕಷ್ಟ, ಆದರೆ ಬಿಡಲಾಗುವುದಿಲ್ಲ. ಕೆಲವು ಮಕ್ಕಳಿಗೆ ನಿದ್ದೆ ಬಾರದಿರುವುದು ಭಯದಿಂದ. ಅಪ್ಪನ ಬೈಕ್ ಗುಡ್ಡೆ ಹತ್ತುವ ಸದ್ದಿಗೆ ಕಿವಿಕೊಟ್ಟು ಮಲಗಿರುತ್ತಾರೆ. ಬೈಕ್ ನಿಲ್ಲಿಸುವ ರೀತಿಯಲ್ಲಿಯೇ ಇವತ್ತು ಕುಡಿದಿದ್ದಾರಾ ಇಲ್ಲವಾ ಎಂದು ಅವರಿಗೆ ತಿಳಿಯುತ್ತದೆ. ಒಬ್ಬ ಹುಡುಗ ಇದನ್ನು ನಮಗೆ ಹೇಳಿದ್ದು ಬಹಳ ಸಾಮಾನ್ಯ ಸಂಗತಿ ಹೇಳುವ ಹಾಗೆ, ಬಿಸ್ಕತ್ತು ತಿನ್ನುತ್ತಾ. ಆ ಮಗುವಿಗೆ ಸೊಳ್ಳೆಪರದೆ, ಹಾಲು, ಕತ್ತಲೆ ಕೋಣೆ ಯಾವುದೂ ನಿದ್ದೆ ತರುವುದಿಲ್ಲ. ಅಂಥ ಮನೆ ನಿಮ್ಮ ವಾಳೆಯಲ್ಲಿದ್ದರೆ ಅದು ಅವರ ಮನೆ ವಿಷಯ ಎಂದು ಬಿಡಬೇಡಿ. ಫಾದರ್‌ಗೆ ಅಥವಾ ಸಿಸ್ಟರ್‌ಗೆ ತಿಳಿಸಿ. ಮಗುವಿಗೆ ಅಪಾಯ ಇದೆ ಎಂದು ಕಂಡರೆ 1098ಕ್ಕೆ ಕರೆ ಮಾಡಬಹುದು, ಮಕ್ಕಳೂ ಮಾಡಬಹುದು, ದುಡ್ಡು ಬೇಕಿಲ್ಲ. ನಮ್ಮ ತರಗತಿಯ ಮಕ್ಕಳಿಗೆ ಈ ನಂಬರ್ ಬಾಯಿಪಾಠ ಮಾಡಿಸಿದ್ದೇವೆ.

ಇದನ್ನೆಲ್ಲ ಹಿಡಿದುಕೊಂಡು ಕಳೆದ ತಿಂಗಳು ಪಾಲನಾ ಮಂಡಳಿಯ ಸಭೆಗೆ ಹೋದೆವು. ಕ್ರಿಸ್ಮಸ್ ಕಾರ್ಯಕ್ರಮದ ಮಕ್ಕಳ ಡ್ಯಾನ್ಸ್, ನಾಟಕದ ಅಭ್ಯಾಸ ಯಾವಾಗಲೂ ರಾತ್ರಿ ಎಂಟರ ನಂತರ, ಎಲ್ಲರ ಕೆಲಸ ಮುಗಿದ ಮೇಲೆ. ಅದನ್ನು ಶನಿವಾರ ಮಧ್ಯಾಹ್ನಕ್ಕೆ ತರೋಣ ಎಂದೆವು. "ನಾವೆಲ್ಲ ರಾತ್ರಿ ಬೆಳಗಾಗುವವರೆಗೆ ಆಟ ನೋಡಿ ದೊಡ್ಡವರಾದದ್ದು, ಏನಾಗಿದೆ ನಮಗೆ?" ಎಂದು ಒಬ್ಬ ಹಿರಿಯರು ಕೇಳಿದರು. ವರ್ಷಕ್ಕೆ ಎರಡು ಯಕ್ಷಗಾನ ನೋಡಿದ್ದಕ್ಕೂ ದಿನಾ ಹನ್ನೊಂದಕ್ಕೆ ಮಲಗುವುದಕ್ಕೂ ವ್ಯತ್ಯಾಸ ಇದೆ ಎಂದು ಅವರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯೇ ಉತ್ತರ ಕೊಟ್ಟರು. ಸ್ವಲ್ಪ ಚರ್ಚೆಯಾಗಿ ಒಪ್ಪಿದರು.

ಹಾಗಾಗಿ ನವೆಂಬರ್ ಮೊದಲ ಶನಿವಾರದಿಂದ ಮಕ್ಕಳ ಅಭ್ಯಾಸ ಮಧ್ಯಾಹ್ನ ಮೂರರಿಂದ ಐದರವರೆಗೆ, ಚರ್ಚ್ ಹಾಲ್‌ನಲ್ಲಿ. ಕಾರ್ಯಕ್ರಮದ ದಿನವೂ ಮಕ್ಕಳದ್ದೆಲ್ಲ ಮೊದಲು, ದೊಡ್ಡವರ ನಾಟಕ ಕೊನೆಗೆ. ಶನಿವಾರ ಕೆಲಸವಿರುವ ಹೆತ್ತವರು ನಮಗೆ ಫೋನ್ ಮಾಡಿ. ನಮ್ಮಲ್ಲಿ ಇಬ್ಬರ ಹತ್ತಿರ ಸ್ಕೂಟರ್ ಇದೆ, ಮನೆಗೆ ಬಂದು ಕರೆದುಕೊಂಡು ಹೋಗುತ್ತೇವೆ.